ಬುನಾದಿಯ ದನಿ

ಚಳ್ಳಕೆರೆ ಬಿಟ್ಟು ಬಳ್ಳಾರಿ ರಸ್ತೆಯಲ್ಲಿ ಸಾಗಿದಂತೆ ಕನ್ನಡದ ರುಚಿಯೇ ಬದಲಾಗುತ್ತದೆ. ಮೊಳಕಾಲ್ಮೂರಿನ ಸಂತೆಯಲ್ಲಿ ನಿಂತರೆ 'ಚೆನ್ನಾಗಿದೆ' ಎನ್ನುವವರ ನಡುವೆ 'ಬೇಸೈತೆ' ಎನ್ನುವವರೂ ಸಿಗುತ್ತಾರೆ. ಸೀರೆ ಬೇಸೈತೆ, ಮಳೆ ಬೇಸಾತು, ಹುಡುಗ ಬೇಸು. ಈಚಿನ ವರ್ಷಗಳಲ್ಲಿ ಈ ಮಾತಿಗೆ ಇನ್ನೊಂದು ಅರ್ಥ ಸೇರಿಕೊಂಡಿದೆ. ಮದುವೆಗೆ, ಮೆರವಣಿಗೆಗೆ ಡಿಜೆ ಕಟ್ಟುವ ಹುಡುಗರು 'ಬೇಸ್ ಏರಿಸೋ' ಎಂದು ಕೂಗುತ್ತಾರೆ. ಅವರ ಬೇಸ್ ಇಂಗ್ಲಿಷಿನದು. ಸಂಗೀತದ ತೀರ ಕೆಳಗಿನ, ಮಂದ್ರದ ದನಿಗೆ ಇರುವ ಹೆಸರು. ಕಟ್ಟಡದ ಅಡಿಪಾಯಕ್ಕೂ ಇಂಗ್ಲಿಷಿನಲ್ಲಿ ಅದೇ ಉಚ್ಚಾರದ ಶಬ್ದವಿದೆ. ಅಡಿಪಾಯವನ್ನು ನಾವು ಉರ್ದು ಶಾಲೆಯಲ್ಲಿ 'ಬುನಿಯಾದ್' ಎಂದು ಕಲಿತೆವು. ಮುಂದೆ ಕನ್ನಡ ಶಾಲೆಗೆ ಹೋದಾಗ ಅದು 'ಬುನಾದಿ'ಯಾಗಿ ನಮಗಿಂತ ಮೊದಲೇ ಬಂದು ಅಲ್ಲಿ ಕೂತಿತ್ತು. ಒಂದು ಶಬ್ದದಲ್ಲಿ ಒಳ್ಳೆಯದು, ಕೆಳಗಿನದು, ಅಡಿಪಾಯ ಮೂರೂ ಕೂಡಿಕೊಂಡದ್ದು ಆಕಸ್ಮಿಕವೇ ಇರಬಹುದು. ಆದರೆ ಈ ಮೂರನ್ನೂ ಒಟ್ಟಿಗೆ ನೆನೆಯದೆ ನಮ್ಮ ಮೆಚ್ಚಿನ ಕೆಲವು ಸಂಗೀತಗಾರರ ಬಗ್ಗೆ ಬರೆಯಲಾರೆವು.

ಹಾಡು ಎಂದಾಗ ನಾವು ಹಾಡುವವರ ಹೆಸರು ಹೇಳುತ್ತೇವೆ. ಬಹಳವೆಂದರೆ ರಾಗ ಹಾಕಿದವರದು, ಬರೆದವರದು. ಕೊಳಲೋ ವಯೊಲಿನ್ನೋ ನಡುವೆ ಮಿಂಚಿದರೆ ಅದನ್ನು ನುಡಿಸಿದವರು ಯಾರೆಂದು ಕೇಳುವವರೂ ಇದ್ದಾರೆ. ಕೆಳಗಡೆ ಉದ್ದಕ್ಕೂ ಗುಮ್ಮೆನ್ನುತ್ತ ಹಾಡನ್ನು ಹೊತ್ತು ನಡೆಯುವವನ ಬಗ್ಗೆ ಯಾರೂ ಕೇಳುವುದಿಲ್ಲ. ಅವನಿದ್ದಾಗ ಇದ್ದಾನೆಂದು ತಿಳಿಯುವುದಿಲ್ಲ, ಅವನು ನಿಲ್ಲಿಸಿದರೆ ಮಾತ್ರ ಏನೋ ಕಳಚಿಬಿತ್ತು ಅನಿಸುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಚನ್ನು, ಸೆರಗನ್ನು ನೋಡಿ ಹೆಂಗಸರು ಬೆಲೆ ಕಟ್ಟುತ್ತಾರೆ. ಹಾಸಿನ ಎಳೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಹಾಸು ಸಡಿಲವಾದರೆ ಯಾವ ಸೆರಗೂ ನಿಲ್ಲದೆಂದು ನೇಕಾರನಿಗೆ ಗೊತ್ತು.

ಕೆಳಗಿನ ದನಿಯ ಗುಣವೇ ಬೇರೆ. ಬೇಸ್ ಗಿಟಾರಿನ ನಾಲ್ಕು ತಂತಿಗಳಲ್ಲಿ ತೀರ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ದನಿಯ ಒಂದು ಅಲೆ ಗಾಳಿಯಲ್ಲಿ 8 ಮೀಟರಿಗಿಂತ ಉದ್ದ. ಅಷ್ಟು ಉದ್ದದ ಅಲೆ ಗೋಡೆ ಮೂಲೆಗಳನ್ನು ಬಳಸಿಕೊಂಡು ಬಂದುಬಿಡುತ್ತದೆ. ದೂರದ ಜಾತ್ರೆಯಿಂದ ಮೊದಲು ನಮ್ಮ ಕಿವಿಗೆ ಬರುವುದು ವಾಲಗದ ರಾಗವಲ್ಲ, ದೊಡ್ಡ ಚರ್ಮವಾದ್ಯದ ಗುಡುಗು. ರಾಗ ಕೇಳಬೇಕಾದರೆ ಇನ್ನೂ ಹತ್ತಿರ ಹೋಗಬೇಕು. ಎಂದರೆ ಜಾತ್ರೆಗೆ ನಮ್ಮನ್ನು ಕರೆಯುವವನು ಬೇಸಿನವನೇ. ಹತ್ತಿರ ಹೋದ ಮೇಲೆ ನಾವು ಅವನನ್ನು ಮರೆಯುತ್ತೇವೆ.

ಈ ಕಸುಬಿನವರಲ್ಲಿ ನಾವು ಮೊದಲು ಕಂಡವರು ನಮ್ಮ ಮಾಮು, ಅಮ್ಮೀಯ ಅಣ್ಣ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಕೆಲಸ ಕಡಿಮೆಯಾದ ದಿನಗಳಲ್ಲಿ ಅವರು ಒಂದು ಬ್ಯಾಂಡ್ ಸೆಟ್ ಸೇರಿಕೊಂಡು ದೊಡ್ಡ ಡ್ರಮ್ಮು ಹೊಡೆಯುತ್ತಿದ್ದರು. ಕ್ಲಾರಿನೆಟ್‌ನವರು ಮುಂದೆ, ಟ್ರಂಪೆಟ್‌ನವರು ಅವರ ಹಿಂದೆ. ಜನ ನೋಟು ಸಿಕ್ಕಿಸುತ್ತಿದ್ದದ್ದು ಕ್ಲಾರಿನೆಟ್‌ನವರ ಜೇಬಿಗೆ. ಮಾಮು ಎಲ್ಲರಿಗಿಂತ ಹಿಂದೆ, ಹೊಟ್ಟೆಯ ಮೇಲೆ ಅಷ್ಟು ದೊಡ್ಡ ಡ್ರಮ್ಮು ಹೊತ್ತು, ಕಾಲಡಿಯ ನೆಲವೂ ಕಾಣದೆ ನಡೆಯುತ್ತಿದ್ದರು. ಬಲಗೈಯಿಂದ ಹೊಡೆದು ಎಡ ಅಂಗೈಯನ್ನು ಚರ್ಮದ ಮೇಲೆ ಮೆಲ್ಲಗೆ ಇಟ್ಟು ಸದ್ದನ್ನು ಮೊಟಕು ಮಾಡುವುದನ್ನು ನಮಗೆ ಒಮ್ಮೆ ತೋರಿಸಿಕೊಟ್ಟರು. ಹೊಡೆಯುವುದು ಯಾರಿಗಾದರೂ ಬರುತ್ತದೆ, ನಿಲ್ಲಿಸುವುದೇ ವಿದ್ಯೆ ಎಂಬುದು ಅವರ ಲೆಕ್ಕ. "ಬೇಟಾ, ಕ್ಲಾರಿನೆಟ್‌ನವನು ತಪ್ಪಿದರೆ ಜನ ನಗ್ತಾರೆ. ನಾನು ತಪ್ಪಿದರೆ ಜನ ಎಡವ್ತಾರೆ" ಎನ್ನುತ್ತಿದ್ದರು. ಅದು ಬಡಾಯಿಯ ಮಾತಲ್ಲ. ದಿಬ್ಬಣದ ಮುದುಕರಿಂದ ಹಿಡಿದು ಮಕ್ಕಳವರೆಗೆ ಎಲ್ಲರ ಹೆಜ್ಜೆಯೂ ಅವರ ಕೈಯಲ್ಲಿರುತ್ತಿತ್ತು. ಅವರಿಗೆ ಸಿಗುತ್ತಿದ್ದ ಪಾಲು ಮಾತ್ರ ಕ್ಲಾರಿನೆಟ್‌ನವರದಕ್ಕಿಂತ ಕಡಿಮೆ. ಅದಕ್ಕೆ ಅವರು ಗೊಣಗಿದ್ದನ್ನು ನಾವು ಕೇಳಿಲ್ಲ. ಕ್ಲಾರಿನೆಟ್‌ನ ಹುಡುಗ ಹೊಸದೊಂದು ಹಾಡು ಕಲಿಯುವಾಗಲೆಲ್ಲ ಮಾಮು ಮನೆಗೆ ಬಂದು ಕೂರುತ್ತಿದ್ದ. ಮಾಮು ಮರದ ಪೆಟ್ಟಿಗೆಯ ಮೇಲೆ ಬಡಿಯುತ್ತ ಅವನಿಗೆ ನಡೆ ಕೊಡುತ್ತಿದ್ದರು. ಆ ಬಡಿತ ಕೇಳಿಕೊಂಡೇ ಅವನು ರಾಗದಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಕಲಿತ.

ನಮ್ಮ ಎರಡೂ ತಾಲ್ಲೂಕುಗಳಿಗೆ ಬ್ಯಾಂಡಿಗಿಂತ ಬಹಳ ಹಳೆಯದಾದ ಒಂದು ಕೆಳದನಿ ಇದೆ. ಅದು ಉರುಮೆ. ಮ್ಯಾಸಬೇಡರ ದೇವರ ಉತ್ಸವಗಳಿರಲಿ, ಗೌರಸಮುದ್ರದ ಮಾರಮ್ಮನ ಜಾತ್ರೆ ಇರಲಿ, ಉರುಮೆಯಿಲ್ಲದೆ ದೇವರು ಹೊರಡುವುದಿಲ್ಲ. ಮರದ ಒಡಲು, ಎರಡು ಮುಖ, ಎರಡಕ್ಕೂ ಚರ್ಮ. ಒಂದು ಮುಖವನ್ನು ನೇರ ಕೋಲಿನಿಂದ ಬಡಿಯುತ್ತಾರೆ. ಇನ್ನೊಂದನ್ನು ಬಡಿಯುವುದಿಲ್ಲ, ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಚರ್ಮದಿಂದ ಒಂದು ಮುಲುಕು ಏಳುತ್ತದೆ. ಏಳುತ್ತ, ಇಳಿಯುತ್ತ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಹೋಗುವ ಆ ದನಿಯನ್ನು ಮೊದಲ ಸಲ ಕೇಳಿದವರು ಬೆಚ್ಚುತ್ತಾರೆ. ತಮಟೆ ಮೇಲಿನಿಂದ ಚಟಚಟಿಸುತ್ತದೆ, ಉರುಮೆ ಕೆಳಗಿನಿಂದ ಎಳೆಯುತ್ತದೆ. ತಮಟೆಯವರು ಕುಣಿತದ ನಡುವೆ ಉರುಮೆಯವರ ಮುಖ ನೋಡುವುದನ್ನು ನಾವು ಎಷ್ಟೋ ಸಲ ಗಮನಿಸಿದ್ದೇವೆ. ಗತ್ತು ಬದಲಾಗುವುದು ಅಲ್ಲಿಂದ. ಪೂಜಾರಿಯ ಮೈಮೇಲೆ ದೇವರು ಬರುವುದೂ ಆ ಮುಲುಕು ಬಿಗಿಯಾದಾಗಲೇ.

ನಾವು ಕಂಡ ಉರುಮೆಯವರಲ್ಲಿ ಹೆಚ್ಚಿನವರು ದಲಿತ ಕೇರಿಗಳಿಂದ ಬಂದವರು. ದೇವರನ್ನು ಎಬ್ಬಿಸುವ ವಾದ್ಯ ಅವರ ಹೆಗಲಲ್ಲಿ. ದೇವರು ಗುಡಿಯೊಳಗೆ ಹೋದ ಮೇಲೆ ಅವರು ಹೊರಗೆ, ಬೇವಿನ ಮರದ ನೆರಳಿನಲ್ಲಿ. ಸಂಗೀತದಲ್ಲಿ ಕೆಳಗಿನ ದನಿ ಎಂಬುದು ಸ್ವರದ ಲೆಕ್ಕ. ನಮ್ಮ ಊರುಗಳಲ್ಲಿ ಅದನ್ನು ಮನುಷ್ಯರ ಲೆಕ್ಕವನ್ನೂ ಮಾಡಿಬಿಟ್ಟಿದ್ದೇವೆ.

ಪೀರಲ ಹಬ್ಬದಲ್ಲಿಯೂ ಹೀಗೆಯೇ. ಈ ಆಚರಣೆಯ ಬಗ್ಗೆ ನಮ್ಮ ಸಮುದಾಯದೊಳಗೇ ಭಿನ್ನಾಭಿಪ್ರಾಯಗಳಿವೆ, ಆ ಚರ್ಚೆ ಇಲ್ಲಿ ಬೇಡ. ಆದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಮೊಹರಂ ರಾತ್ರಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿಸುತ್ತಿದ್ದ ಹಲಗೆ, ಡೊಳ್ಳುಗಳನ್ನು ಹಿಡಿದವರು ಬಹುಪಾಲು ಮುಸ್ಲಿಮರಲ್ಲ. ಹಾಡುವ ರಿವಾಯತ್ ಹುಸೇನರದು, ಅದನ್ನು ಹೊತ್ತು ನಿಲ್ಲುವ ಡೊಳ್ಳು ಬೀರಪ್ಪನ ಗುಡಿಯಿಂದ ಬಂದದ್ದು. ಯಾರೂ ಇದಕ್ಕೆ ಸೌಹಾರ್ದ ಎಂದು ಹೆಸರಿಟ್ಟಿರಲಿಲ್ಲ. ಹಾಡಿಗೆ ಅಡಿಪಾಯ ಬೇಕಿತ್ತು, ಅದು ಪಕ್ಕದ ಕೇರಿಯಲ್ಲಿತ್ತು, ಕರೆದರು, ಅವರು ಬಂದರು.

ಬೇಸ್ ಗಿಟಾರ್ ಎಂಬುದು ನಮ್ಮ ಕಿವಿಗೆ ಬಿದ್ದದ್ದು ಟೇಪ್ ರೆಕಾರ್ಡರಿನಿಂದ. ದರ್ಜಿ ಅಂಗಡಿಯಲ್ಲಿ, ಚಹಾದ ಹೋಟೆಲಿನಲ್ಲಿ ಇಳೆಯರಾಜರ ಹಾಡುಗಳು. ಶಂಕರನಾಗ್ ಅವರ 'ಗೀತಾ' 1981ರದು, ಮಣಿರತ್ನಂ ಕನ್ನಡದಲ್ಲಿ ಮಾಡಿದ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' 1983ರದು. ನಾವು ಶಾಲೆಗೆ ಹೋಗುವ ಹೊತ್ತಿಗೆ ಅವುಗಳ ಕ್ಯಾಸೆಟ್ಟುಗಳು ಸವೆದುಹೋಗಿದ್ದವು, ಆದರೂ ಓಡುತ್ತಿದ್ದವು. ಹಾಡುವವರ ದನಿಯ ಕೆಳಗೆ ಇನ್ನೊಂದು ಹಾಡು ತನ್ನಷ್ಟಕ್ಕೆ ನಡೆದುಹೋಗುತ್ತಿದೆಯಲ್ಲ, ಅದೇನು ಎಂದು ಕೇಳಿದಾಗ ದರ್ಜಿ ಅಂಗಡಿಯವರಿಗೆ ಹೇಳಲಾಗಲಿಲ್ಲ. ಇಳೆಯರಾಜರ ಬಳಿ ದಶಕಗಳ ಕಾಲ ಬೇಸ್ ಗಿಟಾರ್ ನುಡಿಸಿದವರು ಶಶಿಧರನ್ ಎಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇಳೆಯರಾಜ ಪ್ರತಿ ವಾದ್ಯದ ಪಾಲನ್ನೂ ತಾವೇ ಸ್ವರಲಿಪಿಯಲ್ಲಿ ಬರೆದುಕೊಡುವವರು. ಬರೆದದ್ದು ಅವರೇ ಸರಿ, ಆದರೆ ಕಾಗದದ ಮೇಲಿನ ಚುಕ್ಕಿಗೆ ತೂಕ ಬರುವುದು ನುಡಿಸುವ ಬೆರಳಿನಿಂದ. ಹಿಂದಿಯಲ್ಲಿ ಆರ್.ಡಿ. ಬರ್ಮನ್ ಅವರ ತಂಡದ ಟೋನಿ ವಾಜ್ ಕೂಡ ಹೀಗೆಯೇ. ಕೋಟಿ ಜನ ಅವರ ಬೆರಳಿನ ಮೇಲೆ ಕಾಲು ಕುಣಿಸಿದ್ದಾರೆ, ಹೆಸರು ಬಲ್ಲವರು ಕೆಲವರೇ.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಆ ಸಣ್ಣ ಟೇಪ್ ರೆಕಾರ್ಡರಿನ ಅಂಗೈಯಗಲದ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರವನ್ನು ಹೊರಡಿಸುವ ಶಕ್ತಿಯೇ ಇರುವುದಿಲ್ಲ. ಅದರಿಂದ ಬರುವುದು ಆ ಸ್ವರದ ಮೇಲಿನ ಮರಿದನಿಗಳು ಮಾತ್ರ. ಆ ಮರಿದನಿಗಳನ್ನು ಕೇಳಿ, ಇವುಗಳ ತಾಯಿದನಿ ಇಂಥದೇ ಇರಬೇಕೆಂದು ನಮ್ಮ ಮಿದುಳು ತಾನೇ ತುಂಬಿಕೊಳ್ಳುತ್ತದೆ. ಧ್ವನಿಶಾಸ್ತ್ರದವರಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ದರ್ಜಿ ಅಂಗಡಿಯಲ್ಲಿ ನಾವು ಕೇಳಿದ ಬೇಸ್ ಪೂರ್ತಿ ಆ ಪೆಟ್ಟಿಗೆಯೊಳಗೆ ಇರಲಿಲ್ಲ, ಅರ್ಧ ನಮ್ಮ ತಲೆಯೊಳಗಿತ್ತು.

ವಾದ್ಯದ ಚರಿತ್ರೆ ನೋಡಿದರೆ ಅದರ ವಯಸ್ಸು ಹೆಚ್ಚಿನದಲ್ಲ. ಹಿಂದೆ ಪಾಶ್ಚಾತ್ಯರಲ್ಲಿ ಈ ಕೆಲಸ ಮಾಡುತ್ತಿದ್ದದ್ದು ಆಳೆತ್ತರದ ಡಬಲ್ ಬೇಸ್. ಗಿಟಾರಿನಂತೆ ಕೊರಳಿಗೆ ಹಾಕಿಕೊಂಡು ನುಡಿಸುವ ವಿದ್ಯುತ್ ಬೇಸನ್ನು ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದರು. ಅದರಲ್ಲಿ ಹೊಸ ದಾರಿ ತೋರಿದವರಲ್ಲಿ ನಮಗೆ ಅಚ್ಚುಮೆಚ್ಚು ಜೇಮ್ಸ್ ಜೇಮರ್ಸನ್ (1936-1983). ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದ ಕರಿಯ ಕಲಾವಿದ. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ಸ್ಟುಡಿಯೋದಲ್ಲಿ ದಿನಗಟ್ಟಲೆ ಕೂತು ನುಡಿಸಿದವರು. ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದರು. ಅದುವರೆಗೆ ಕಾವಲುಗಾರನಂತೆ ಒಂದೇ ಕಡೆ ನಿಂತಿದ್ದ ಬೇಸನ್ನು ಅವರು ಹಾಡಿನ ಪಕ್ಕದಲ್ಲಿ ಮಾತಾಡುತ್ತ ನಡೆಯುವಂತೆ ಮಾಡಿದರು. 1960ರ ದಶಕದಲ್ಲಿ ಅಮೆರಿಕವೆಲ್ಲ ಅವರ ಬೆರಳಿಗೆ ಕುಣಿಯುತ್ತಿದ್ದಾಗ ಮೋಟೌನ್ ತಟ್ಟೆಗಳ ಹೊದಿಕೆಯ ಮೇಲೆ ಅವರ ಹೆಸರಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಹೊರಬಂದಾಗ ವಾದಕರ ಹೆಸರುಗಳು ಅಚ್ಚಾದವು, ಅಲ್ಲಿ ಜೇಮರ್ಸನ್ ಹೆಸರೂ ಬಂತು. ರಾಕ್ ಸಂಗೀತದ ಗೌರವ ಪಟ್ಟಿಗೆ ಅವರು ಸೇರಿದ್ದು 2000ದಲ್ಲಿ, ತೀರಿಕೊಂಡು 17 ವರ್ಷಗಳ ಮೇಲೆ.

ಆದರೆ ಹೆಸರು ಗೊತ್ತಿಲ್ಲದೆಯೂ ಒಬ್ಬ ಕಲಾವಿದ ಇನ್ನೊಬ್ಬನನ್ನು ಮುಟ್ಟಬಲ್ಲ. ಸಮುದ್ರದಾಚೆ ಇಂಗ್ಲೆಂಡಿನಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಆ ತಟ್ಟೆಗಳನ್ನು ಹಾಕಿ ಕೇಳುತ್ತಿದ್ದರು. ಗುಂಪಿನಲ್ಲಿ ಬೇಸ್ ಯಾರಿಗೂ ಬೇಡವಾಗಿತ್ತು, ತಮ್ಮ ಪಾಲಿಗೆ ಬಂತು ಎಂದು ಮೆಕಾರ್ಟ್ನಿ ಹೇಳಿಕೊಂಡಿದ್ದಾರೆ. ಬೇಡದ ಆ ವಾದ್ಯವನ್ನು ಪ್ರೀತಿಸಲು ಕಲಿಸಿದವರಲ್ಲಿ ಜೇಮರ್ಸನ್ ದೊಡ್ಡವರೆಂದು ಒಪ್ಪಿಕೊಂಡಿದ್ದಾರೆ ಕೂಡ. ಕ್ಯಾಲಿಫೋರ್ನಿಯಾದ ಕ್ಯಾರಲ್ ಕೇ (ಜನನ 1935) ಗಿಟಾರ್ ನುಡಿಸುತ್ತಿದ್ದವರು. 1963ರಲ್ಲಿ ಒಂದು ದಿನ ಸ್ಟುಡಿಯೋಗೆ ಬೇಸಿನವರು ಬರಲಿಲ್ಲ, ಆ ಜಾಗಕ್ಕೆ ಇವರು ಕೂತರು, ಮತ್ತೆ ಏಳಲಿಲ್ಲ. ತಾವು ಕಲಿತದ್ದನ್ನು ಪಾಠಪುಸ್ತಕಗಳಾಗಿ ಬರೆದು ಸಾವಿರಾರು ಮಂದಿಗೆ ಹಂಚಿದರು. ಜಾಕೋ ಪಾಸ್ಟೋರಿಯಸ್ (1951-1987) ಬೇಸಿನ ಮನೆಗಳ ಕಂಬಿಗಳನ್ನೇ ತೆಗೆಸಿ, ಸ್ವರದಿಂದ ಸ್ವರಕ್ಕೆ ಜಾರುವಂತೆ ನುಡಿಸಿ ಜಗತ್ತನ್ನು ಬೆರಗುಗೊಳಿಸಿದರು. ಅವರ 1976ರ ಮೊದಲ ತಟ್ಟೆಯನ್ನು ಗೆಳೆಯರೊಬ್ಬರ ಮನೆಯಲ್ಲಿ ಕೇಳಿದಾಗ ನಮಗೆ ನೆನಪಾದದ್ದು ಉರುಮೆಯ ಮುಲುಕು. ಜಾರುವ ಕೆಳದನಿಯ ರುಚಿ ನಮ್ಮ ಸೀಮೆಯ ಕಿವಿಗೆ ಹೊಸತಲ್ಲ.

ನಮ್ಮ ದೇಶದ ಶಾಸ್ತ್ರೀಯ ಸಂಗೀತದಲ್ಲಿಯೂ ಮಂದ್ರದ ವಾದ್ಯವಿದೆ. ಸಿತಾರಿನ ದೊಡ್ಡಕ್ಕನಂತಿರುವ ಸುರ್‌ಬಹಾರ್. ಅದನ್ನು ನುಡಿಸಿದವರಲ್ಲಿ ಅನ್ನಪೂರ್ಣಾ ದೇವಿಯವರ (1927-2018) ಕತೆ ನಮ್ಮನ್ನು ಬಹಳ ಕಾಡುತ್ತದೆ. ಮೈಹರಿನ ಬಾಬಾ ಅಲ್ಲಾವುದ್ದೀನ್ ಖಾನರ ಮಗಳು, ಹುಟ್ಟುಹೆಸರು ರೋಶನಾರಾ. ತಂದೆ ಅವರ ಕೈಗೆ ಕೊಟ್ಟದ್ದು ಕೆಳದನಿಯ ವಾದ್ಯ. 1950ರ ದಶಕದ ನಂತರ ಅವರು ಸಭೆಯಲ್ಲಿ ನುಡಿಸುವುದನ್ನೇ ಬಿಟ್ಟರು, ಮನೆಯೊಳಗೆ ಕೂತು ಕಲಿಸಿದರು. ನಿಖಿಲ್ ಬ್ಯಾನರ್ಜಿಯವರ ಸಿತಾರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು ಅಲ್ಲಿ ಪಾಠ ಹೇಳಿಸಿಕೊಂಡವು. ಚೌರಾಸಿಯಾ ಆಗಲೇ ಹೆಸರು ಮಾಡಿದ್ದವರು. ಮೊದಲಿನಿಂದ ಕಲಿಯಲು ಸಿದ್ಧ ಎಂದು ತೋರಿಸುವುದಕ್ಕಾಗಿ ಕೊಳಲನ್ನು ಬಲಗಡೆಯಿಂದ ಎಡಗಡೆಗೆ ತಿರುಗಿಸಿ ಹಿಡಿದರಂತೆ. ಎತ್ತರದ ದನಿಯ ಕೊಳಲು ಮಂದ್ರದ ಬಾಗಿಲಿಗೆ ಬಂದು ಕಲಿತದ್ದೇನು? ಸ್ವರವನ್ನು ಅವಸರವಿಲ್ಲದೆ ಹಿಡಿದು ನಿಲ್ಲುವುದನ್ನು, ಎರಡು ಸ್ವರಗಳ ನಡುವಿನ ಮೌನವನ್ನು. ಮಾಮು ಮನೆಯಲ್ಲಿ ಕ್ಲಾರಿನೆಟ್ ಹುಡುಗ ಕಲಿತದ್ದೂ ಅಂಥದೇ.

ಬೇಸಿನವರು ಬೇರೆ ಕಲಾವಿದರನ್ನು ಪ್ರೇರೇಪಿಸುವುದು ಹೀಗೆಂದು ನಮಗೆ ತೋರುತ್ತದೆ. ಅವರು ಮೊದಲು ಕೇಳುತ್ತಾರೆ, ಆಮೇಲೆ ನುಡಿಸುತ್ತಾರೆ. ತಮ್ಮ ಕೆಳಗೆ ನೆಲ ಗಟ್ಟಿಯಿದೆ ಎಂದು ಗೊತ್ತಾದಾಗ ಮೇಲಿನವರಿಗೆ ಹಾರುವ ಧೈರ್ಯ ಬರುತ್ತದೆ. ಶಿಶುನಾಳ ಶರೀಫರ ಪದವನ್ನು ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಹೊಸ ಹುಡುಗರ ಬಾಯಿಗೆ ತಂದರು. ಆ ತಂಡದಲ್ಲಿ ಬೇಸ್ ಹಿಡಿದವರು ಗೌರವ್ ವಾಜ್. ಏಕತಾರಿಯ ಒಂದು ತಂತಿಯ ಮೇಲೆ ನಿಂತಿದ್ದ ಪದ ನಾಲ್ಕು ತಂತಿಗಳ ಮೇಲೆಯೂ ನಿಂತಿತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಹಾಡಿದ ಪದಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ನಾಡಿಗೆ ತೋರಿಸಿದರು. ಅಂಥ ಪದ ಒಬ್ಬರಿಂದ ಆಗುವುದಲ್ಲ. ಅಜ್ಜಿ ಸೊಲ್ಲೆತ್ತಿದರೆ ಹಿಂದಿನಿಂದ ತಗ್ಗಿನ ದನಿಯಲ್ಲಿ ಅದನ್ನು ಹಿಡಿದು ತಿರುಗಿ ಕೊಡುವ ಹೆಂಗಸರಿರಬೇಕು. ಆ ಬಿಡುವಿನಲ್ಲೇ ಹಾಡುವವಳಿಗೆ ಮುಂದಿನ ಸಾಲು ಹೊಳೆಯುವುದು. ಹಿಮ್ಮೇಳ ಎಂದು ಕನ್ನಡ ಇದಕ್ಕೆ ಒಳ್ಳೆಯ ಹೆಸರಿಟ್ಟಿದೆ.

ಇಷ್ಟನ್ನು ಹೇಳಿ ಡಿಜೆಯ ಬೇಸಿನ ಬಗ್ಗೆ ಸುಮ್ಮನಿರಲಾಗದು. 18 ಇಂಚಿನ ಬೇಸ್ ಬಾಕ್ಸುಗಳನ್ನು ಟ್ರ್ಯಾಕ್ಟರಿನ ಮೇಲೆ ಪೇರಿಸಿಕೊಂಡು ಹೋಗುವ ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ. ಎದೆಯೊಳಗೆ ಗುದ್ದುವ ಆ ದನಿಯ ಆಸೆ ಹಳೆಯದು, ಉರುಮೆಗೆ ಮೈಮರೆತ ಅಜ್ಜಂದಿರದೂ ಅದೇ ಆಸೆ. ಆದರೆ ಹಾಡನ್ನು ಹೊರಬೇಕಾದ ದನಿ ಹಾಡನ್ನೇ ನುಂಗಿದರೆ ಉಳಿಯುವುದು ಬರೀ ಬಲಪ್ರದರ್ಶನ. ಗೋಡೆ ದಾಟಿ ಬರುವ ಅದರ ಗುಣ, ಇನ್ನೊಬ್ಬರ ಕೇರಿಯ ಮುಂದೆ ನಿಂತು ಮೆರೆಯುವುದಕ್ಕೆ ಬಹಳ ಅನುಕೂಲ. ನಮ್ಮ ಅಮ್ಮೀ ಹಾಸಿಗೆ ಹಿಡಿದಿದ್ದ ವರ್ಷ ಒಂದೇ ತಿಂಗಳಲ್ಲಿ ಎರಡು ಮೆರವಣಿಗೆಗಳು ನಮ್ಮ ಬೀದಿಯಲ್ಲಿ ಬಂದವು. ಒಂದು ಗಣೇಶನದು, ಇನ್ನೊಂದು ಮೀಲಾದಿನದು. ಎರಡೂ ಸಲ ಕಿಟಕಿಯ ಗಾಜು ಅದುರಿತು, ಎರಡೂ ಸಲ ಅಮ್ಮೀ ಎದೆಯ ಮೇಲೆ ಕೈ ಇಟ್ಟುಕೊಂಡು, "ಇದರಲ್ಲಿ ಹಾಡು ಯಾವುದು ಬೇಟಾ?" ಎಂದು ಕೇಳಿದರು. ನಮಗೂ ಯಾವುದೆಂದು ತಿಳಿಯಲಿಲ್ಲ. ಆಮೇಲೆ ವಿಚಾರಿಸಿದಾಗ ತಿಳಿದದ್ದು, ಎರಡು ಮೆರವಣಿಗೆಗಳಿಗೂ ಬಾಕ್ಸುಗಳು ಬಾಡಿಗೆಗೆ ಬಂದದ್ದು ಒಂದೇ ಅಂಗಡಿಯಿಂದ. ಕಾನೂನು ಇಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ. ಆದರೆ ಪಕ್ಕದ ಕೇರಿಯ ಡೊಳ್ಳನ್ನು ನಮ್ಮ ಹಾಡಿಗೆ ಕರೆಯುತ್ತಿದ್ದ ಊರು, ಪಕ್ಕದ ಕೇರಿಗೆ ಕೇಳಿಸಲೆಂದೇ ಬೇಸ್ ಏರಿಸುವ ಊರಾದದ್ದು ಡೆಸಿಬಲ್ಲಿನ ಲೆಕ್ಕಕ್ಕೆ ಸಿಗುವ ಸಂಗತಿಯಲ್ಲ.

ಬಾಕ್ಸು ಬಂದ ಕಡೆಗಳಲ್ಲಿ ಬ್ಯಾಂಡ್ ಸೆಟ್ಟುಗಳಿಗೆ ಕರೆ ಕಡಿಮೆಯಾಯಿತು. ಮಾಮು ಡ್ರಮ್ಮನ್ನು ಮಾರಿ ಆಗಲೇ ಬಹಳ ದಿನವಾಗಿತ್ತು, ಈಗ ಅವರೂ ಇಲ್ಲ. ಉರುಮೆ ಮಾತ್ರ ದೇವರ ದೆಸೆಯಿಂದ ಉಳಿದಿದೆ. ಬಾಕ್ಸಿಗೆ ದೇವರು ಮೈಮೇಲೆ ಬರುವುದಿಲ್ಲವೆಂದು ಪೂಜಾರಿಗಳು ಹೇಳುವುದನ್ನು ಕೇಳಿ ನಮಗೆ ಸಮಾಧಾನವಾಗಿದೆ.

ಕತೆ ಬರೆಯುವ ನಮಗೂ ಈ ಜನರಿಂದ ಬಂದ ಸಾಲವಿದೆ. ಕತೆಯಲ್ಲಿ ಹೆಚ್ಚು ಮಾತಾಡುವ ಪಾತ್ರವನ್ನು ಬರೆಯುವುದು ಸುಲಭ. ಮೂಲೆಯಲ್ಲಿ ಕೂತು ಬೀಡಿ ಸುತ್ತುತ್ತ, ಒಂದೆರಡು ಸಲ ಹ್ಞೂಂ ಎನ್ನುವ ದಾದಿಯಿಂದಲೇ ಮನೆಯೆಲ್ಲ ನಿಂತಿದೆ ಎಂದು ಓದುಗರಿಗೆ ತಿಳಿಯುವ ಹಾಗೆ ಬರೆಯುವುದು ಕಷ್ಟ. ಅಂಥ ಪಾತ್ರ ಬರೆಯಲು ಕೂತಾಗಲೆಲ್ಲ ನಾವು ಮಾಮುವಿನ ಎಡ ಅಂಗೈಯನ್ನು ನೆನೆಯುತ್ತೇವೆ.

ನಮ್ಮ ಕಡೆ ಜಾತ್ರೆಯ ಕರಪತ್ರಗಳಲ್ಲಿ ಶಾಸಕರಿಂದ ಹಿಡಿದು ಪೆಂಡಾಲ್ ಹಾಕಿದವರವರೆಗೆ ಎಲ್ಲರ ಹೆಸರೂ ಇರುತ್ತದೆ. ಆರ್ಕೆಸ್ಟ್ರಾದ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಉತ್ಸವದ ಸಾಲಿನಲ್ಲಿ ಮಾತ್ರ 'ಸಕಲ ವಾದ್ಯಗಳೊಂದಿಗೆ' ಎಂದು ಒಂದೇ ಮಾತು. ಉರುಮೆಯವರು, ತಮಟೆಯವರು, ಡೊಳ್ಳಿನವರು ಎಲ್ಲರೂ ಆ 'ಸಕಲ'ದೊಳಗೆ ಕರಗಿಹೋಗಿದ್ದಾರೆ. ಡೆಟ್ರಾಯಿಟಿನಲ್ಲಿ ಒಂದು ತಟ್ಟೆಯ ಹೊದಿಕೆಯ ಮೇಲೆ ವಾದಕರ ಹೆಸರು ಬರಲು 1971 ಆಗಬೇಕಾಯಿತು. ಮೊಳಕಾಲ್ಮೂರಿನ ಕರಪತ್ರದಲ್ಲಿ ಅದು ಬರಲು ಒಂದು ಸಾಲಿನ ಜಾಗ ಸಾಕು. ಅಚ್ಚಿನ ಮನೆಯವರು ಅದಕ್ಕೆ ಹೆಚ್ಚಿನ ದುಡ್ಡನ್ನೇನೂ ಕೇಳುವುದಿಲ್ಲ.